ಅಕ್ರೋಡ ತೋಟದ ತಂಗಿ

ಮಿರಜದ ಹತ್ತಿರದ ನಮ್ಮ ಆರಗದಲ್ಲಿ ದೀಪಾವಳಿಯಿಂದ ಈಚೆಗೆ ಆರು ಪರದೇಶದ ಸಿನಿಮಾ ತೋರಿಸಿದರು. ಮೊದಲಿನ ಐದರಲ್ಲಿ ಒಂದರ ಕೊನೆಯನ್ನೂ ಊರವರು ಕಣ್ಣಾರೆ ನೋಡಲಿಲ್ಲ. ಕೊನೆಯನ್ನು ಬಾಯಿಂದ ಹೇಳುತ್ತಿದ್ದವಳು ನಾನು. ಐದೂ ಸಲ ಸುಳ್ಳು ಹೇಳಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲವಾದರೆ ಮುಂದೆ ನಾನು ನನ್ನ ಅಣ್ಣನನ್ನು ಬೈಯುವಾಗ, ಇವಳೇನೋ ಭಾರಿ ಸಾಚಾ ಎಂದು ಯಾರಾದರೂ ತಿಳಿದುಕೊಂಡಾರು.

ನಾನು ಜಿನಮತಿ. ಇಲ್ಲಿಯ ಕನ್ನಡ ಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಶಿಕ್ಷಕಿಯರನ್ನು ನಮ್ಮಲ್ಲಿ ಬಾಯಾರ ಎನ್ನುತ್ತಾರೆ, ಹಾಗಾಗಿ ಊರಿಗೆಲ್ಲ ನಾನು ಬಾಯಾರ. ಸಾಂಗ್ಲಿಯಲ್ಲಿ ಅರಿಷಿಣದ ಅಡತಿ ಅಂಗಡಿ ಇಟ್ಟ ಮನೆತನದ ಕಿಶೋರನಿಗೆ ಸಿನಿಮಾ ಹುಚ್ಚು. ಅವನೂ ಅವನ ನಾಲ್ಕು ಗೆಳೆಯರೂ ಸೇರಿ ಒಂದು ಮಂಡಳಿ ಮಾಡಿಕೊಂಡು, ಹದಿನೈದು ದಿನಕ್ಕೊಂದು ಭಾನುವಾರ ಗಾಡಿಯಲ್ಲಿ ಪ್ರೊಜೆಕ್ಟರು, ಪರದೆ, ಎರಡು ಸ್ಪೀಕರು ಹೇರಿಕೊಂಡು ಬರುತ್ತಾರೆ. ಮದುವೆಗಳು ನಡೆಯುವ ನಮ್ಮ ಜೈನ ಸಮಾಜದ ಕಾರ್ಯಾಲಯದ ಕಿಟಕಿಗಳಿಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಬಟ್ಟೆ ಕಟ್ಟಿ ಕತ್ತಲೆ ಮಾಡುತ್ತಾರೆ. ಪರದೆಯ ಮೇಲೆ ಯಾವುದೋ ದೇಶದ ಮಂದಿ ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷಿನ ಸಾಲು ಓಡುತ್ತದೆ. ಅದನ್ನು ಓದುವವರು ಎಷ್ಟು ಮಂದಿ? ಅದಕ್ಕೇ ನಾನು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ಮೈಕು ಹಿಡಿದು, ನಮ್ಮ ಕನ್ನಡದಲ್ಲಿ ಅಷ್ಟಿಷ್ಟು ಮರಾಠಿ ಸೇರಿಸಿ ಹೇಳುತ್ತಾ ಹೋಗುತ್ತೇನೆ. ಕಿಶೋರ ಗುರುವಾರವೇ ಸಿನಿಮಾ ಕಳಿಸುತ್ತಾನೆ. ನಾನು ಮನೆಯಲ್ಲಿ ಎರಡು ಸಲ ನೋಡಿ ತಯಾರಾಗಿರುತ್ತೇನೆ.

ಕಾರ್ಯಾಲಯಕ್ಕೆ ಒಂದು ನಿಯಮವಿದೆ. ಸಮಾಜದವರು ಹೊತ್ತು ಮುಳುಗುವ ಮುಕ್ಕಾಲು ತಾಸು ಮೊದಲೇ ಊಟ ಮುಗಿಸುತ್ತಾರೆ, ಆಮೇಲೆ ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲ. ಹೆಂಗಸರು ಮನೆಗೆ ಹೋಗಿ ಬಡಿಸಬೇಕಲ್ಲ, ಆದ್ದರಿಂದ ಸರಿಯಾಗಿ ಐದೂಕಾಲಿಗೆ ದೀಪ ಹಾಕುತ್ತಾರೆ. ಮಧ್ಯಾಹ್ನ ಮೂರರ ಮೊದಲು ಅದೇ ಹೆಂಗಸರಿಗೆ ಬಿಡುವಿಲ್ಲ. ಸಿನಿಮಾ ನೋಡಿದರೆ ಎರಡೂವರೆ ತಾಸಿನದು. ಹೀಗಾಗಿ ಪ್ರತಿ ಸಲ ಬಾಲ ಉಳಿದುಬಿಡುತ್ತದೆ. ಜನ ಚಪ್ಪಲಿ ಹುಡುಕುತ್ತಾ "ಮುಂದೇನಾತ್ರಿ ಬಾಯಾರ?" ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ.

ಮೊದಲನೆಯ ಸಿನಿಮಾದಲ್ಲಿ ಮೀನುಗಾರನ ಮಗ ಸಮುದ್ರದಲ್ಲಿ ಮುಳುಗಿ ಸಾಯುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಕಿರಾಣಿ ಅಂಗಡಿಯ ಸುಶೀಲಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೆ ಧೈರ್ಯ ಬರಲಿಲ್ಲ. ಪಕ್ಕದ ಊರಿನ ದಂಡೆಯಲ್ಲಿ ಜೀವಂತ ಸಿಕ್ಕ ಎಂದುಬಿಟ್ಟೆ. ಎರಡನೆಯದರಲ್ಲಿ ಹೆಂಡತಿ ಮನೆ ಬಿಟ್ಟು ಹೋಗುತ್ತಾಳೆ, ನಾನು ಅವಳನ್ನು ನಿಲ್ದಾಣದಿಂದ ತಿರುಗಿ ಕರೆತಂದೆ. ಆಮೇಲೆ ಅದೇ ರೂಢಿಯಾಯಿತು. ಎಲ್ಲರೂ ಖುಷಿಯಿಂದ ಮನೆಗೆ ಹೋಗುತ್ತಿದ್ದರು, ನನ್ನ ಸುಳ್ಳು ಅವರ ರೊಟ್ಟಿಗೆ ಉಪ್ಪಿನಕಾಯಿಯಾಗಿತ್ತು.

ಆರನೆಯ ಸಿನಿಮಾ ಜಾರ್ಜಿಯಾ ದೇಶದ್ದು. ಇಬ್ಬರು ಅಣ್ಣಂದಿರು, ಒಬ್ಬ ತಂಗಿ, ಅಪ್ಪ ಬಿಟ್ಟುಹೋದ ಅಕ್ರೋಡದ ತೋಟ. ತಂಗಿ ತನ್ನ ಪಾಲು ಬಿಟ್ಟುಕೊಟ್ಟೆನೆಂದು ಸಹಿ ಮಾಡಬೇಕೆಂಬುದು ಅಣ್ಣಂದಿರ ಹಟ. ಗುರುವಾರ ಅದನ್ನು ನೋಡಿ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಬರುವ ಸೋಮವಾರ ಹನ್ನೊಂದಕ್ಕೆ ಮಿರಜದ ನೋಂದಣಿ ಕಚೇರಿಯಲ್ಲಿ ಇಂಥದೇ ಸಹಿ ಇತ್ತು. ಸಹಿ ಮಾಡಬೇಕಾದವಳು ನನ್ನ ಅಣ್ಣ ಪಾಯಪ್ಪನ ಮಗಳು ಪ್ರಣಾಲಿ. ಸಾಕ್ಷಿ ನಾನು.

ಪ್ರಣಾಲಿ ಇಚಲಕರಂಜಿಯ ಗಂಡನ ಮನೆ ಬಿಟ್ಟು ಬಂದು ನಾಲ್ಕು ವರ್ಷವಾಯಿತು. ಬಂದವಳು ಅಳುತ್ತಾ ಕೂರಲಿಲ್ಲ. ರಸ್ತೆಗೆ ಹತ್ತಿದ ಮನೆತನದ ಅರ್ಧ ಎಕರೆ ಜಾಲಿ ಬೆಳೆದು ಹಾಳುಬಿದ್ದಿತ್ತು. ಅದನ್ನು ಕಡಿಸಿ, ಹಸಿರು ನೆರಳುಬಲೆ ಕಟ್ಟಿ, ಟ್ರೇಗಳಲ್ಲಿ ಕಬ್ಬಿನ ಸಸಿ ಬೆಳೆಸತೊಡಗಿದಳು. ಈಗ ದೂರದ ಸಮಡೋಳಿಯಿಂದಲೂ ಸಸಿಗೆ ಟ್ರ್ಯಾಕ್ಟರು ಬರುತ್ತವೆ. ಆದರೆ ರಸ್ತೆ ಅಗಲವಾಯಿತು, ಯಾರಿಗೋ ಅಲ್ಲಿ ಗೋದಾಮು ಕಟ್ಟುವ ಆಸೆ ಹುಟ್ಟಿತು. ಅವಳ ಅಣ್ಣ ಶ್ರೇಣಿಕ ಮಾತು ಕೊಟ್ಟುಬಿಟ್ಟ. ಮಗಳು ಹಕ್ಕು ಬಿಟ್ಟ ಪತ್ರ ತೋರಿಸಿದರೆ ಮಾತ್ರ ಖರೀದಿ ಎಂದು ಕೊಳ್ಳುವವನು ಹೇಳಿದ್ದ. ನಮ್ಮ ಕಡೆ ಇದಕ್ಕೆ ಹಕ್ಕಸೋಡ ಎನ್ನುತ್ತಾರೆ. ಹೆಣ್ಣುಮಗಳು ಸಹಿ ಮಾಡುತ್ತಾಳೆ, ಅಣ್ಣ ಒಂದು ಸೀರೆ ಉಡಿಸುತ್ತಾನೆ, ತವರಿನ ಬಾಗಿಲು ತೆರೆದಿರುತ್ತದೆ. ಸಹಿ ಮಾಡದಿದ್ದವಳಿಗೆ ಬಾಗಿಲು ಮುಚ್ಚುತ್ತದೆ. ಸೀರೆ ಆಗಲೇ ಮನೆಗೆ ಬಂದಿತ್ತು. ಎಂಟು ದಿನದಿಂದ ಪ್ರಣಾಲಿ ಹೂಂ ಅಂದಿರಲಿಲ್ಲ, ಊಹೂಂ ಕೂಡ ಅಂದಿರಲಿಲ್ಲ.

ನಾನೂ ಇದೇ ಪಾಯಪ್ಪನಿಗೆ ಇಪ್ಪತ್ತೆಂಟು ವರ್ಷದ ಹಿಂದೆ ಸಹಿ ಮಾಡಿಕೊಟ್ಟಿದ್ದೇನೆ. ಓದದೆ ಯಾವುದಕ್ಕೂ ಸಹಿ ಹಾಕಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ನಾನು, ಓದದೆ ಹಾಕಿದೆ. ಕೊಟ್ಟ ಹಸಿರು ಸೀರೆಯನ್ನು ಮೂರು ಮದುವೆಗೆ ಉಟ್ಟಿದ್ದೇನೆ. ನೆನೆಸಿಕೊಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಪಾಯಪ್ಪ ನನ್ನ ಮನೆಗೆ ಬಂದ. ಅವನು ಕಾರ್ಯಾಲಯದ ಉಸ್ತುವಾರಿ ನೋಡುವ ಪಂಚ, ದೀಪದ ಗುಂಡಿ ಒತ್ತುವವನೂ ಅವನೇ. ಕಿಶೋರನಿಂದ ಬರೆಸಿಕೊಂಡ ಮರಾಠಿ ಕಥಾಸಾರದ ಚೀಟಿ ಅವನ ಕೈಯಲ್ಲಿತ್ತು.

"ಇದರಾಗ ಆ ಹುಡಿಗಿ ಕಡೀಕ ಸಹಿ ಮಾಡೂದಿಲ್ಲಂತ, ಖರೇ ಏನು?"

"ಖರೇ. ಮಾಡೂದಿಲ್ಲ."

"ನೀ ಮಾಡಿದ್ಲು ಅಂತ ಹೇಳು."

ಅವನು ನಿಧಾನವಾಗಿ ಕುರ್ಚಿ ಎಳೆದುಕೊಂಡು ಕುಳಿತ.

"ಹಿಂದಿನ ಐದರದೂ ಖರೇ ಕಡೀ ಏನು ಅಂತ ಕಿಶೋರನ್ನ ಕೇಳೇನಿ. ಸತ್ತಾವನ್ನ ಎಬ್ಬಿಸಿ ಕುಂದರ್ಸೀದಿ. ಆರನೇದಕ್ಕ ಏನು ಧಾಡಿ ನಿನಗ? ಸಹಿ ಮಾಡಿದ್ಲು, ಅಣ್ಣತಮ್ಮರು ತಂಗೀನ ಎದೀಗೆ ಹಚಗೊಂಡ್ರು, ಮುಗೀತು. ಪ್ರಣಾಲೀನೂ ಕೇಳಲಿ. ನಾಳೆ ಆಕಿ ಮನಸ್ಸು ಹಗುರಿರತೈತಿ."

ಅವನಿಗೆ ನಾಚಿಕೆ ಎಂಬುದು ಎಳ್ಳಷ್ಟೂ ಇರಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಸುಳ್ಳಿನ ಅಂಗಡಿ ತೆರೆದವಳು ನಾನೇ, ಅವನು ಬರೀ ಗಿರಾಕಿಯಾಗಿ ಬಂದಿದ್ದ. ನನಗೆ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ.

ಮೂರಕ್ಕೆ ಸಿನಿಮಾ ಶುರುವಾಯಿತು. ಎಂಬತ್ತು ಮಂದಿ ಸೇರಿದ್ದರು, ಮುಕ್ಕಾಲು ಪಾಲು ಹೆಂಗಸರು. ಪಾಯಪ್ಪನ ಹೆಂಡತಿ, ನಮ್ಮ ವೈನಿ, ಮುಂದಿನ ಸಾಲಿನ ಮೂಲೆಯಲ್ಲಿ. ಪ್ರಣಾಲಿ ಬಾಗಿಲ ಹತ್ತಿರ, ಸಸಿಗಳಿಗೆ ನೀರು ಬಿಟ್ಟು ಹಾಗೆಯೇ ಬಂದಿದ್ದಳು. ಪರದೇಶದ ಹೆಸರು ಯಾರ ಬಾಯಿಗೂ ಹತ್ತುವುದಿಲ್ಲವೆಂದು ನಾನು ದೊಡ್ಡಣ್ಣ, ಸಣ್ಣಣ್ಣ, ತಂಗಿ ಎಂದೇ ಹೇಳುತ್ತಾ ಹೋದೆ. ದೊಡ್ಡಣ್ಣ ತಂಗಿಗೆ ಕೋಟು ತಂದುಕೊಟ್ಟಾಗ ಹೆಂಗಸರ ನಡುವೆ ಗುಜುಗುಜು ಎದ್ದಿತು. ನಮ್ಮ ಸೀರೆ ಅಲ್ಲಿ ಕೋಟಾಗಿತ್ತು, ಅದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಐದೂಕಾಲಿಗೆ, ಪರದೆಯಲ್ಲಿ ಕಾಗದ ಮೇಜಿನ ಮೇಲಿತ್ತು, ತಂಗಿ ಅದರ ಮುಂದೆ ಕುಳಿತಿದ್ದಳು. ಪಾಯಪ್ಪ ಎದ್ದು ಗುಂಡಿ ಒತ್ತಿದ. ಟ್ಯೂಬುಗಳು ಹತ್ತಿ ಪರದೆ ಬೆಳ್ಳಗಾಯಿತು. ಎಂಬತ್ತು ಮುಖ ನನ್ನ ಕಡೆ ತಿರುಗಿದವು.

"ಹೇಳ್ರಿ ಬಾಯಾರ, ಮುಂದ?"

"ಆಕಿ ಸಹಿ ಮಾಡಲಿಲ್ಲ," ಎಂದೆ.

ಸುಶೀಲಾಬಾಯಿ ನಕ್ಕಳು. "ಬಾಯಾರ, ಅಣ್ಣನ ಮಗಳ ಸಲುವಾಗಿ ಕತೀನ ತಿರಿಗಿಸಬ್ಯಾಡ್ರಿ. ಕಡೀಕ ಎಲ್ಲಾರೂ ಒಂದಾಗ್ತಾರ, ನೀವ ಹೇಳಿದ್ದಲ್ಲ?"

ಸುತ್ತಲಿನವರೂ ನಕ್ಕರು. ಯಾರೊಬ್ಬರೂ ನಂಬಲಿಲ್ಲ. ಐದು ಸಲ ಸುಳ್ಳನ್ನು ಬಾಯಿ ಚಪ್ಪರಿಸಿ ತಿಂದವರು, ಆರನೆಯ ಸಲ ನಿಜ ಕೊಟ್ಟರೆ ಉಗುಳಿದರು. ತಪ್ಪು ಅವರದಲ್ಲ.

"ಹಿಂದಿನವು ಐದೂ ಸುಳ್ಳ!" ಎಂದು ಮೈಕಿನಲ್ಲಿ ಕೂಗಿದೆ. "ಮೀನಗಾರನ ಮಗ ಸತ್ತ. ಆ ಹೆಂಡತಿ ತಿರಿಗಿ ಬರಲಿಲ್ಲ. ನಾ ಸುಳ್ಳ ಹೇಳೇನಿ."

"ಸತ್ತನ?" ಸುಶೀಲಾಬಾಯಿ ಎದ್ದೇ ನಿಂತಳು. "ಮೊಮ್ಮಕ್ಕಳಿಗೆ ಬದಕಿದ ಅಂತ ಹೇಳೇನಲ್ಲರಿ ನಾ! ಏನ್ ಹೆಂಗಸ್ರೀ ನೀವು?"

"ಸಾಕು ಏಳ್ರಿ, ಊಟದ ಹೊತ್ತಾತು," ಎಂದ ಪಾಯಪ್ಪ. ಅವನ ಮುಖ ನೋಡಬೇಕಿತ್ತು, ಬೆಣ್ಣೆ ತಿಂದ ಬೆಕ್ಕಿನದಂತಿತ್ತು.

ನಾನು ಕಿಶೋರನ ಕಡೆ ತಿರುಗಿದೆ. "ಹಚ್ಚೋ ಸಿನಿಮಾ. ಇವರು ಕಣ್ಣಿಲೇ ನೋಡಲಿ."

ಕಿಶೋರ ಪಂಚರ ಕಡೆ ನೋಡಿದ, ನನ್ನ ಕಡೆ ನೋಡಿದ. "ಬಾಯಾರ, ಅವರು ಕಾರ್ಯಾಲಯ ಕೊಡೂದಿಲ್ಲ ಅಂದ್ರ ಮುಂದ ಎಲ್ಲಿ ತೋರಸೂದ್ರಿ?"

ಜಗತ್ತಿನ ಸಿನಿಮಾವನ್ನು ಹೊತ್ತು ತರುವ ಗಂಡಸು! ಯಾವ ದೇಶದಲ್ಲಿ ಯಾರು ಯಾರಿಗೆ ಎದುರು ನಿಂತರು ಎಂದು ಪ್ರತಿ ಸಲ ಹತ್ತು ನಿಮಿಷ ಭಾಷಣ ಬಿಗಿಯುವವನು ಒಂದು ದೀಪದ ಗುಂಡಿಗೆ ಹೆದರಿ ನಿಂತಿದ್ದ. ಜನ ಚಾಪೆ ಸುತ್ತತೊಡಗಿದ್ದರು.

ಆಗ ವೈನಿ ಎದ್ದಳು. ಬಡಿಸಲು ಮನೆಗೆ ಹೊರಟಳೆಂದು ಎಲ್ಲರೂ ದಾರಿ ಬಿಟ್ಟರು. ನಲವತ್ತು ವರ್ಷದಿಂದ ಐದೂವರೆಗೆ ಪಾಯಪ್ಪನ ತಟ್ಟೆ ಇಟ್ಟವಳು ಅವಳು. ತಾನೂ ತನ್ನ ತಮ್ಮಂದಿರಿಗೆ ಸಹಿ ಮಾಡಿಕೊಟ್ಟವಳು. ಬಾಗಿಲಿಗೆ ಹೋಗುವ ಬದಲು ಸೀದಾ ಗೋಡೆಯ ಹತ್ತಿರ ಹೋಗಿ ದೀಪ ಆರಿಸಿ, ಗುಂಡಿಗೆ ಬೆನ್ನು ಕೊಟ್ಟು ನಿಂತಳು.

"ಹಚ್ಚಪಾ ಕಿಶೋರ. ನಾ ನೋಡಬೇಕಾಗೈತಿ."

"ಮತ್ತ ನನ್ನ ಊಟ?" ಎಂದು ಕೇಳಿದ ನಮ್ಮಣ್ಣ, ಎಂಬತ್ತು ಮಂದಿಯ ಮುಂದೆ.

"ದಿನಾ ಹೊತ್ತಿಗೆ ಸರಿ ಹಾಕೇನಿ. ಇವತ್ತ ಉಪಾಸ ಮಾಡ್ರಿ."

ಅವಳನ್ನು ಗೋಡೆಯಿಂದ ಸರಿಸಲು ಅವನಿಗೆ ಎಲ್ಲರೆದುರು ಕೈ ಬರಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತ. ಕೆಲವರು ಅವನ ಹಿಂದೆ ಹೋದರು. ಸುಶೀಲಾಬಾಯಿ "ನಮಗೇನು ಹೊತ್ತಿನ ನೇಮ ಇಲ್ಲ ಬಿಡ್ರಿ" ಎಂದು ಧಡ್ಡನೆ ಕುಳಿತಳು. ನೇಮವಿದ್ದ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಾಪೆ ಬಿಚ್ಚಿ ಕುಳಿತರು. ಒಂದು ಹನಿ ನೀರೂ ಇಲ್ಲದೆ ಬೆಳಗಿನವರೆಗೆ ಇರಬೇಕೆಂದು ಅವರಿಗೆ ಗೊತ್ತಿತ್ತು.

ನಾನು ಮೈಕು ಕೆಳಗಿಟ್ಟೆ. ಕೊನೆಯ ಕಾಲು ತಾಸಿನಲ್ಲಿ ಮಾತೇ ಇಲ್ಲ. ತಂಗಿ ಕಾಗದವನ್ನು ಅಣ್ಣನ ಕಡೆ ಸರಿಸಿ ಎದ್ದು ಹೋಗುತ್ತಾಳೆ. ಅಣ್ಣಂದಿರು ಮನೆಗೂ ತೋಟಕ್ಕೂ ನಡುವೆ ಗೋಡೆ ಕಟ್ಟುತ್ತಾರೆ. ಸುಗ್ಗಿಗೆ ಯಾರೂ ಬರುವುದಿಲ್ಲ. ಒಬ್ಬಳೇ ಮರ ಬಡಿಯುತ್ತಾಳೆ, ಒಬ್ಬಳೇ ಆರಿಸುತ್ತಾಳೆ, ಸಿಪ್ಪೆ ಸುಲಿದು ಅವಳ ಕೈ ಕಪ್ಪಾಗುತ್ತದೆ. ಚೀಲದ ಮೇಲೆ ಕುಳಿತು ಅಳುತ್ತಾಳೆ. ಅತ್ತು ಮುಗಿದ ಮೇಲೆ ಚೀಲದ ಬಾಯಿ ಕಟ್ಟುತ್ತಾಳೆ. ಅಷ್ಟೇ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಣಾಲಿ ನನ್ನ ಕಡೆ ನೋಡದೆ ಹೊರಟುಹೋದಳು.

ಸೋಮವಾರ ಶ್ರೇಣಿಕನ ಜೀಪು ಬಂತು. ಪ್ರಣಾಲಿ ಒಂದೂ ಮಾತಿಲ್ಲದೆ ಹತ್ತಿ ಕುಳಿತಳು. ಮಿರಜ ಮುಟ್ಟುವತನಕ ನಾನು ಒಳಗೊಳಗೇ ಕುದಿಯುತ್ತಿದ್ದೆ. ನಲವತ್ತು ಹೆಂಗಸರು ಹಸಿದು ಮಲಗಿದ್ದು ಇದಕ್ಕೇನು? ಇವಳಿಗೆ ಬಾಯಿ ಇಲ್ಲವೇನು? ಜೀಪಿನಿಂದ ಇಳಿಸಿ ಎರಡು ಬಾರಿಸಬೇಕೆನಿಸಿತು. ಮುಂದಿನ ಸೀಟಿನಲ್ಲಿ ಪಾಯಪ್ಪ, ತೊಡೆಯ ಮೇಲೆ ಸೀರೆಯ ಚೀಲ.

ಕಚೇರಿಯಲ್ಲಿ ಗುಮಾಸ್ತ ಕಾಗದ ತಿರುವಿ, ಎಲ್ಲರಿಗೂ ಕೇಳುವುದನ್ನೇ ತಲೆ ಎತ್ತದೆ ಮರಾಠಿಯಲ್ಲಿ ಕೇಳಿದ: ಸ್ವಂತ ಖುಷಿಯಿಂದ ಬಿಟ್ಟುಕೊಡುತ್ತಿದ್ದೀರಲ್ಲ? ನನ್ನನ್ನೂ ಆವತ್ತು ಹೀಗೇ ಕೇಳಿದ್ದರು. ಅವರ ಮಾತು ಮುಗಿಯುವ ಮೊದಲೇ ನಾನು ಹೌದು ಅಂದಿದ್ದೆ.

"ನಾಹಿ," ಎಂದಳು ಪ್ರಣಾಲಿ.

ಗುಮಾಸ್ತ ತಲೆ ಎತ್ತಿದ. ಅವಳು ಅಪ್ಪನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದಳು. "ಖುಷೀಲೆ ಕೊಡಾಕತ್ತಿಲ್ಲ ಪಪ್ಪಾ. ಗ್ವಾಡಿ ಕಟ್ಟೂದಿದ್ರ ಕಟ್ಟರಿ."

ಶ್ರೇಣಿಕನ ಮುಖ ಕೆಂಪಾಯಿತು. ಪಾಯಪ್ಪ ನನ್ನ ತೋಳು ಹಿಡಿದ. "ಜಿನಮತಿ, ನೀ ಒಂದೀಟ ತಿಳಿಸಿ ಹೇಳ ಆಕೀಗೆ."

ತಿಳಿಸಿ ಹೇಳುವುದು ನನ್ನ ಜನ್ಮದ ಕೆಲಸ. ಮಕ್ಕಳಿಗೆ ಹೇಳಿದೆ, ಊರಿಗೆ ಹೇಳಿದೆ, ಯಾರಿಗೂ ನೋವಾಗದ ಹಾಗೆ ಎಲ್ಲವನ್ನೂ ತಿದ್ದಿ ಹೇಳಿದೆ.

"ಆಕಿ ಇಲ್ಲ ಅಂದಾಳ," ಎಂದೆ. ಸಾಕ್ಷಿಯ ಸಹಿಗೆಂದು ಗುಮಾಸ್ತ ನನ್ನ ಕೈಗೆ ಕೊಟ್ಟಿದ್ದ ಪೆನ್ನನ್ನು ಅವನ ಮೇಜಿನ ಮೇಲೆ ಇಟ್ಟೆ.