ಕಟ್ಟಿರುವೆಯ ಬಾಯಿ

ಹಲ್ಲಿನ ಸೆಟ್ಟು ಮಾಡುವ ಆ ಕೋಣೆಗೆ ಅವಳು ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಡಾಕ್ಟರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಗಟ್ಟಿಯಾಗಲು ಮುಕ್ಕಾಲು ಗಂಟೆ ಬೇಕು. ಅಷ್ಟರೊಳಗೆ ಮುಟ್ಟಿದರೆ ಕೆಟ್ಟಿತು. ಹಾಗಾಗಿ ಮಧ್ಯಾಹ್ನದ ಅಚ್ಚು ಸುರಿದವಳೇ ಕೈ ತೊಳೆದು, ಊಟದ ಡಬ್ಬಿ ಬಿಚ್ಚಿ, ಫೋನನ್ನು ನೀರಿನ ಬಾಟಲಿಗೆ ಒರಗಿಸಿಕೊಂಡು ಪೋಕರ್ ಎಂಬ ಇಸ್ಪೀಟಾಟ ಆಡಲು ಕೂರುತ್ತಿದ್ದಳು. ದುಡ್ಡಿನ ಆಟವಲ್ಲ, ಬರೀ ಸುಳ್ಳುಬಿಲ್ಲೆಗಳದ್ದು. ಎಲ್ಲ ಕಳೆದುಕೊಂಡರೂ ಮರುದಿನ ಅವರೇ ಹೊಸದು ಕೊಡುತ್ತಾರೆ. ಅಲ್ಲಿ ಅವಳ ಹೆಸರು ದವಡೆಹಲ್ಲು.

ಫೋನಿನೊಳಗಿನ ಆ ಆಟದ ಮೇಜಿಗೆ ಅದೇ ಹೊತ್ತಿಗೆ ಬರುತ್ತಿದ್ದವರಲ್ಲಿ ಕಟ್ಟಿರುವೆ ಎಂಬ ಹೆಸರಿನದೊಂದು ಪ್ರಾಣಿ ಇತ್ತು. ಆಟಕ್ಕಿಂತ ಅದರ ಬಾಯಿಯೇ ಜೋರು. ಅವಳು ಎರಡು ನಿಮಿಷ ಯೋಚಿಸಿದರೆ, "ಏನ್ ದವಡೆ, ಹುಳುಕು ಬಿತ್ತಾ?" ಎಂದು ಚಾಟಿನಲ್ಲಿ ಬರೆಯುತ್ತಿತ್ತು. ಎಲೆ ಚೆನ್ನಾಗಿಲ್ಲವೆಂದು ಕೆಳಗಿಟ್ಟು ಆಟ ಬಿಟ್ಟುಕೊಟ್ಟರೆ, ಓಡಿತು ಓಡಿತು ಎಂದು ನಾಲ್ಕು ಸಲ. ಗೆದ್ದರೆ, ಕಣ್ಣು ಮುಚ್ಚಿಕೊಂಡು ಗೆದ್ದದ್ದು ಎಂದು. ಅವಳೂ ಸುಮ್ಮನಿರುವವಳಲ್ಲ. ಆ ಬಾಯಿಗೆ ಪ್ಲಾಸ್ಟರ್ ಸುರಿದುಬಿಡುತ್ತೇನೆ ಎಂದು ಒಮ್ಮೆ ಬರೆದಳು. ಅದಕ್ಕೆ ಸಾಲುಗಟ್ಟಿ ನಗುವ ಮುಖಗಳು ಬಂದವು. ಬೈದಷ್ಟೂ ಅದಕ್ಕೆ ಹಬ್ಬವಾದಂತಿತ್ತು.

ಒಂದು ದಿನ ಅದೇ ಸಿಟ್ಟಿನಲ್ಲಿ ಎದ್ದು ಹೋಗಿ ಯಾರದೋ ಸೆಟ್ಟಿಗೆ ಎಡಗಡೆಯ ಹಲ್ಲನ್ನು ಬಲಗಡೆ ಕೂರಿಸಿದಳು. ಹಲ್ಲಿಗೆ ಬಣ್ಣ ಹೊಂದಿಸುವ ಹಿರಿಯರು ಪಕ್ಕದ ಮೇಜಿನವರು. ಅದನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಹಾಕಿಕೊಂಡವರು ಊಟ ಮಾಡಬೇಕೋ ಸರ್ಕಸ್ ಮಾಡಬೇಕೋ ಎಂದು ಕೇಳಿದರು. ಅವಳಿಗೆ ನಾಚಿಕೆಯಾಯಿತು. ಮುಖ ನೋಡದವರೊಬ್ಬರ ನಾಲ್ಕು ಮಾತಿಗೆ ತನ್ನ ಕೈ ತಪ್ಪಿತಲ್ಲ ಎಂದು ಮನೆಯ ದಾರಿಯುದ್ದಕ್ಕೂ ಕೊರಗಿದಳು.

ಬಸ್ಸು ರಿಪೇರಿ ಮಾಡುವ ತಮ್ಮ ಆ ಭಾನುವಾರ ಮನೆಗೆ ಬಂದಿದ್ದ. ಕತೆ ಕೇಳಿ, ಇಷ್ಟಕ್ಕೆಲ್ಲ ಯಾಕಕ್ಕ ತಲೆ ಕೆಡಿಸಿಕೊಳ್ಳುತ್ತೀಯ ಎಂದು ಅವಳ ಫೋನು ತೆಗೆದುಕೊಂಡು ಕಟ್ಟಿರುವೆಯನ್ನು ಮ್ಯೂಟ್ ಮಾಡಿಬಿಟ್ಟ. ಇನ್ನು ಅದು ಬರೆದದ್ದು ಇವಳಿಗೆ ಕಾಣುವುದಿಲ್ಲ.

ನೆಮ್ಮದಿಯೇನೋ ಸಿಕ್ಕಿತು. ಆದರೆ ಸೋಲು ಶುರುವಾಯಿತು. ಇದೇನು ಗ್ರಹಚಾರವೆಂದು ವಾರವೆಲ್ಲ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕಟ್ಟಿರುವೆ ಹೆಚ್ಚು ಮಾತಾಡಿದರೆ ಕೈಯಲ್ಲಿ ಏನೂ ಇಲ್ಲ, ಬುರುಡೆ ಬಿಡುತ್ತಿದೆ ಎಂದರ್ಥ; ತೆಪ್ಪಗಿದ್ದರೆ ಒಳ್ಳೆಯ ಎಲೆ ಇದೆ ಎಂದರ್ಥ. ಗೊತ್ತಿಲ್ಲದೆಯೇ ಅವಳು ಇಷ್ಟು ದಿನ ಆ ಬಾಯಿಯನ್ನು ನೋಡಿಕೊಂಡೇ ಆಡುತ್ತಿದ್ದಳು. ಬೇಡವೆಂದು ತಳ್ಳಿದ್ದನ್ನು ತಾನೇ ಹೋಗಿ ಕರೆಯಬೇಕಲ್ಲ ಎಂದು ಮುಜುಗರಪಡುತ್ತ, ತಮ್ಮನಿಗೆ ಹೇಳದೆ, ಮ್ಯೂಟ್ ತೆಗೆದಳು.

ಆದರೆ ಕಟ್ಟಿರುವೆ ಮಾತಾಡಲಿಲ್ಲ. ಮೊದಲ ದಿನ ಇಲ್ಲ, ಎರಡನೇ ದಿನವೂ ಇಲ್ಲ. ಆಡುತ್ತಿತ್ತು, ಅಷ್ಟೆ. ಒಳ್ಳೆಯ ಎಲೆಯೋ ಬುರುಡೆಯೋ ಒಂದೂ ತಿಳಿಯದೆ ಅವಳು ಕಕ್ಕಾಬಿಕ್ಕಿಯಾದಳು.

ಮೂರನೇ ದಿನ ಅವಳ ಕೈಗೆ ಎರಡು ರಾಜ ಬಂದಿದ್ದವು, ಸುಲಭಕ್ಕೆ ಬಿಟ್ಟುಕೊಡುವ ಎಲೆಗಳಲ್ಲ. ಉಳಿದವರೆಲ್ಲ ಎಲೆ ಕೆಳಗಿಟ್ಟು, ಇವಳೂ ಕಟ್ಟಿರುವೆಯೂ ಮಾತ್ರ ಉಳಿದಿದ್ದರು. ಕಟ್ಟಿರುವೆ ತನ್ನ ಬಿಲ್ಲೆಗಳನ್ನೆಲ್ಲ ಪಣಕ್ಕಿಟ್ಟು ಮುಂದೆ ತಳ್ಳಿತು. ಅಷ್ಟರಲ್ಲಿ ಚಾಟಿನಲ್ಲಿ ಅಕ್ಷರಗಳು ಮೂಡಿದವು.

"ದವಡೆಹಲ್ಲು ಅವರೇ, ನಮಸ್ಕಾರ. ನಾನು ಇವರ ಸೊಸೆ. ನಮ್ಮ ಮಾವನಿಗೆ ಗಂಟಲಿನ ಆಪರೇಷನ್ ಆದಮೇಲೆ ಮಾತು ಹೋಗಿದೆ. ಜಗಳ ಆಡೋದು ನಿಮ್ಮ ಹತ್ತಿರ ಮಾತ್ರ. ನೀವು ಉತ್ತರ ಕೊಡೋದು ನಿಲ್ಲಿಸಿದಾಗಿಂದ ಸರಿಯಾಗಿ ಊಟ ಮಾಡ್ತಿಲ್ಲ. ದಯವಿಟ್ಟು ಸ್ವಲ್ಪ ಬೈತೀರಾ?"

ಅವಳು ಎರಡು ಸಲ ಓದಿದಳು. ಕೈ ಅದರ ಪಾಡಿಗೆ ಎಲೆಗಳನ್ನು ಕೆಳಗಿಟ್ಟುಬಿಟ್ಟಿತು. ಆಗ ಕಟ್ಟಿರುವೆ ತನ್ನ ಎಲೆಗಳನ್ನು ಬಿಚ್ಚಿ ತೋರಿಸಿತು: ಒಂದು ಎರಡರ ಎಲೆ, ಒಂದು ಏಳರದ್ದು. ಏನೇನೂ ಇರಲಿಲ್ಲ.

ತಮ್ಮನಿಗೆ ಫೋನು ಮಾಡಿದರೆ ಅವನು ಬಿದ್ದು ಬಿದ್ದು ನಕ್ಕ. ಸೊಸೆಯೂ ಇಲ್ಲ, ಗಂಟಲೂ ಇಲ್ಲ, ನಿನ್ನ ಎರಡು ರಾಜರನ್ನು ಓಡಿಸಲು ಬಿಟ್ಟ ಬುರುಡೆ ಎಂದ. ಪಕ್ಕದ ಮೇಜಿನ ಹಿರಿಯರು ಹಾಗೆನ್ನಲಿಲ್ಲ. ಸುಳ್ಳುಬಿಲ್ಲೆಗಾಗಿ ಯಾರಾದರೂ ಗಂಟಲು ಕುಯ್ಯಿಸಿಕೊಂಡೆ ಎಂದು ಸುಳ್ಳು ಹೇಳುತ್ತಾರಾ ಎಂದು ಕೇಳಿ, ಕೆಲವರು ಅದಕ್ಕೂ ತಯಾರಿರುತ್ತಾರೆ ಬಿಡಮ್ಮ ಎಂದೂ ಸೇರಿಸಿದರು. ಅವಳಿಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಅದೇ ಕಷ್ಟವಾಗಿದ್ದು.

ಮರುದಿನ ಬೈಯಲೆಂದೇ ಕೂತಳು. ಸಿಟ್ಟಿದ್ದಾಗ ತಾನಾಗಿ ಉದುರುತ್ತಿದ್ದ ಮಾತುಗಳು ಈಗ ಬೇಕೆಂದರೂ ಬರಲಿಲ್ಲ. ಬರೆದದ್ದನ್ನು ಮೂರು ಸಲ ಅಳಿಸಿದಳು. ಒಂದು ತೀರಾ ಮೆತ್ತಗಾಯಿತು. ಇನ್ನೊಂದು, ನಿಜವಾಗಿಯೂ ಕಾಯಿಲೆಯವರಾಗಿದ್ದರೆ ನೋಯಿಸುವಂತಿತ್ತು. ಕೊನೆಗೆ ಇಷ್ಟು ಕಳಿಸಿದಳು: "ರೀ ಮುದುಕಪ್ಪ, ಬಾಯಿ ಇರೋದು ಬರೀ ಕಚ್ಚೋದಕ್ಕಲ್ಲ. ಮೊದಲು ಊಟ ಮಾಡಿ."

ಉತ್ತರ ಬಂತು: "ಯಾರು ಮುದುಕ? ನನಗಿನ್ನೂ ಮೂವತ್ತನಾಲ್ಕು."

ಅವಳಿಗೆ ಮೈಯೆಲ್ಲ ಉರಿಯಿತು. ತಮ್ಮ ಹೇಳಿದ್ದೇ ನಿಜ, ಮೋಸ ಹೋದೆ ಎಂದುಕೊಂಡು ಎದ್ದು ಹೋಗುವಷ್ಟರಲ್ಲಿ ಅದೇ ಹೆಸರಿನಿಂದ ಮತ್ತೊಂದು ಸಾಲು ಬಂತು: "ತಿಂತಾ ಇದ್ದಾರೆ. ಥ್ಯಾಂಕ್ಸ್ ಅಕ್ಕ."

ಅವಳು ಮತ್ತೆ ಕೂತು ಎರಡೂ ಸಾಲು ಓದಿದಳು. ಮೂವತ್ತನಾಲ್ಕು ಎಂದದ್ದು ಮುದುಕನ ತುಂಟತನವೇ? ಥ್ಯಾಂಕ್ಸ್ ಎಂದದ್ದು ಯಾರದೋ ತರಲೆಯೇ? ಎರಡೂ ಸಾಲು ಒಂದೇ ಬೆರಳಿನದ್ದೋ, ಎರಡು ಕೈಗಳದ್ದೋ?

ಅಂದಿನಿಂದ ಹೀಗೇ ನಡೆಯಿತು. ಅವಳು ಊಟಕ್ಕೆ ಕೂರುವ ಮೊದಲು ಒಂದು ಬೈಗುಳ ಕಳಿಸುವಳು, ಕಟ್ಟಿರುವೆ ಎರಡು ಹಿಂದಿರುಗಿಸುವುದು. ದಿನ ಕಳೆದಂತೆ ಅವಳ ಬೈಗುಳಕ್ಕೆ ಹಳೆಯ ಹರಿತ ಬಂತು. ಮನೆಯಲ್ಲಿ ಒಗೆದ ಬಟ್ಟೆ ಮಡಚುವಾಗಲೂ ಮರುದಿನಕ್ಕೊಂದು ಒಳ್ಳೆಯ ಮಾತು ಹುಡುಕುತ್ತಿದ್ದಳು. ಮೋಸ ಹೋಗುತ್ತಿದ್ದೇನೆಯೋ ಏನೋ ಎಂಬ ಅನುಮಾನ ಮಾತ್ರ ಹೋಗಲಿಲ್ಲ. ಬೈಯದಿದ್ದ ದಿನ ಅಲ್ಲಿ ಯಾರೋ ಉಪವಾಸವಿದ್ದಾರೆ ಎಂಬ ಕಳವಳವೂ ಹೋಗಲಿಲ್ಲ.

ತಿಂಗಳಾದ ಮೇಲೆ ತಡೆಯಲಾರದೆ ನೇರವಾಗಿ ಕೇಳಿದಳು: "ನಿಜ ಹೇಳಿ. ಈಗ ಬರೀತಿರೋದು ಯಾರು?"

"ಯಾಕೆ? ಯಾರು ಅಂತ ಗೊತ್ತಾದ್ರೆ ಬೈಯೋದು ಬಿಡ್ತೀಯಾ?"

ಬಿಡುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಾಗೆಂದೇ ಬರೆದಳು: "ಗೊತ್ತಿಲ್ಲ."

"ಹಾಗಾದ್ರೆ ನಿನ್ನ ಎಲೆ ನೋಡ್ಕೋ," ಎಂದು ಬಂತು.

ಅವಳು ಡಬ್ಬಿಯ ಮುಚ್ಚಳ ತೆಗೆದು, ಬಂದ ಎಲೆಗಳನ್ನು ನೋಡಿಕೊಂಡು ಆಡತೊಡಗಿದಳು.