ಎಲ್ಲರಿಗೂ ಹದಿನೆಂಟು

ಮನುಷ್ಯ ನಿಮಿಷಕ್ಕೆ ಹದಿನೆಂಟು ಸಲ ಉಸಿರಾಡುತ್ತಾನೆ. ಇದನ್ನು ನಾನು ನರ್ಸಿಂಗ್ ಪುಸ್ತಕದಲ್ಲಿ ಓದಿದ್ದಲ್ಲ. ಪುಸ್ತಕದಲ್ಲಿ ಹನ್ನೆರಡರಿಂದ ಇಪ್ಪತ್ತು ಎಂದು ಏನೇನೋ ಬರೆದಿದ್ದಾರೆ. ನಾನು ಕಲಿತದ್ದು ವಾರ್ಡಿನ ಚಾರ್ಟುಗಳಿಂದ. ಮೂರನೇ ಮಹಡಿಯ ಮೂಳೆ ವಾರ್ಡಿನಲ್ಲಿ ಇಪ್ಪತ್ತನಾಲ್ಕು ಹಾಸಿಗೆಗಳಿವೆ. ಲಾರಿ ಡ್ರೈವರ್, ಕಾಲೇಜು ಹುಡುಗಿ, ಗೊರಕೆ ಹೊಡೆಯುವವನು, ಗೊರಕೆ ತಾಳಲಾರದೆ ಪಕ್ಕದ ಹಾಸಿಗೆಯಲ್ಲಿ ಅಳುವವನು, ಎಲ್ಲರೂ ಅಲ್ಲಿದ್ದಾರೆ. ಬೇರೆ ಯಾವ ವಿಷಯದಲ್ಲೂ ಅವರಿಗೆ ಒಮ್ಮತವಿಲ್ಲ. ಉಸಿರಿನಲ್ಲಿ ಮಾತ್ರ ಎಲ್ಲರೂ ಹದಿನೆಂಟು.

ಕಾರಣ ಸರಳ. ಜ್ವರಕ್ಕೆ ಯಂತ್ರವಿದೆ, ಪೀ ಪೀ ಎನ್ನುತ್ತದೆ. ಬಿ.ಪಿ.ಗೆ ಯಂತ್ರವಿದೆ. ನಾಡಿಗೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಉಸಿರಿಗೆ ಮಾತ್ರ ಯಂತ್ರವಿಲ್ಲ. ಅದನ್ನು ತಿಳಿಯಬೇಕಾದರೆ ರೋಗಿಯ ಪಕ್ಕದಲ್ಲಿ ಒಂದು ನಿಮಿಷ ಸುಮ್ಮನೆ ನಿಂತು ಎದೆ ನೋಡುತ್ತ ಎಣಿಸಬೇಕು. ಇಪ್ಪತ್ತನಾಲ್ಕು ಜನರಿಗೆ ಇಪ್ಪತ್ತನಾಲ್ಕು ನಿಮಿಷ. ಆಸ್ಪತ್ರೆಯಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಲ್ಲುವ ಹಕ್ಕಿರುವುದು ಗೋಡೆಗಳಿಗೆ ಮಾತ್ರ.

ನನಗೆ ಈ ಪದ್ಧತಿ ಬೇಗ ಒಗ್ಗಿತು. ನಾನು ಹದಿನಾರು ವರ್ಷ ಕರೆಂಟ್ ಮೀಟರ್ ರೀಡರ್ ಆಗಿದ್ದವನು. ನಾಯಿ ಇರುವ ಮನೆಯ ಮೀಟರನ್ನು ಟೀ ಅಂಗಡಿಯಲ್ಲಿ ಕೂತು ಓದುವ ವಿದ್ಯೆ ನನಗೆ ಹೊಸದಲ್ಲ. ಹೋದ ತಿಂಗಳ ಅಂಕಿಗೆ ಒಂದಿಷ್ಟು ಸೇರಿಸಿದರೆ ಆಯಿತು. ಇತಿಹಾಸದಲ್ಲಿ ಪದವಿ ಪಡೆದದ್ದಕ್ಕೆ ಅಷ್ಟಾದರೂ ಪ್ರಯೋಜನವಿತ್ತು: ನೋಡದೆ ಇದ್ದುದನ್ನು ನಂಬುವಂತೆ ಬರೆಯುವುದು. ಆಮೇಲೆ ತಾವೇ ತಮ್ಮನ್ನು ಓದಿಕೊಳ್ಳುವ ಮೀಟರುಗಳು ಬಂದವು. ಅವಕ್ಕೆ ನಾಯಿಯ ಭಯವಿಲ್ಲ, ಟೀ ಬೇಕಿಲ್ಲ. ನಮ್ಮನ್ನು ಮನೆಗೆ ಕಳಿಸಿದರು.

ಮೂವತ್ತೇಳನೇ ವಯಸ್ಸಿನಲ್ಲಿ ನರ್ಸಿಂಗ್ ಸೇರಿದೆ. ಈಗ ನಲವತ್ತೊಂದು. ಕ್ಲಾಸಿನ ಹುಡುಗರಿಗೆ ನಾನು ‘ಅಂಕಲ್’. ರೋಗಿಗಳಿಗೆ ನಾನು, ಇಷ್ಟು ದೊಡ್ಡ ಮೀಸೆ ಇದ್ದರೂ, ‘ಸಿಸ್ಟರ್’.

ಆ ಶುಕ್ರವಾರ ಬೆಳಗ್ಗೆ ಹೆಂಡತಿ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಕೇಳಿದಳು.

“ರೀ, ಆ ಸಹಿ?”

“ಇವತ್ತು ಆಗತ್ತೆ.”

“ನಿನ್ನೆನೂ ಇದನ್ನೇ ಹೇಳಿದ್ರಿ.”

“ನಿನ್ನೆ ಹೆಡ್ ಸಿಸ್ಟರ್ ರಜ.”

“ರಜಾನಾ? ಅದೇನು ಅಂತ ಒಂದ್ಸಲ ಅವರನ್ನ ಕೇಳ್ಕೊಂಡು ಬನ್ನಿ. ನನಗೂ ಗೊತ್ತಾಗ್ಲಿ.”

ಅವಳು ಸೂಪರ್ ಮಾರ್ಕೆಟಿನ ಬಿಲ್ಲಿಂಗ್ ಕೌಂಟರಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಲ್ಲುತ್ತಾಳೆ. ಮೊದಲು ಸ್ಕೂಟರಿನಲ್ಲಿ ಹೋಗುತ್ತಿದ್ದಳು. ನನ್ನ ಕೊನೆಯ ಸೆಮಿಸ್ಟರಿನ ಫೀಸ್ ಕಟ್ಟಿದ ದಿನದಿಂದ ನಡೆದು ಹೋಗುತ್ತಾಳೆ. ಆರೋಗ್ಯಕ್ಕೆ ಒಳ್ಳೆಯದು ಎಂದು ನಾನು ಒಮ್ಮೆ ಹೇಳಿದ್ದೆ. ಎರಡನೇ ಸಲ ಹೇಳುವ ಧೈರ್ಯ ಬರಲಿಲ್ಲ. ಸಂಜೆ ಔಷಧಿ ಅಂಗಡಿಯಲ್ಲಿ ಮೂರು ಗಂಟೆ ದುಡಿದು ನಾನು ತರುವ ಹಣದಲ್ಲಿ ನನ್ನ ಬಸ್ಸಿನ ಖರ್ಚು ನಡೆಯುತ್ತದೆ. ಅಂದರೆ ನಾನು ದುಡಿಯುವುದು ದುಡಿಯಲು ಹೋಗುವುದಕ್ಕೆ. ಒಂದು ಖಾಸಗಿ ಆಸ್ಪತ್ರೆ ಕೆಲಸದ ಪತ್ರ ಕೊಟ್ಟಿತ್ತು: ನರ್ಸಿಂಗಿನ ಕೊನೆಯ ಪರೀಕ್ಷೆ ಪಾಸಾದರೆ ಬನ್ನಿ, ಇಲ್ಲದಿದ್ದರೆ ಬೇಡ. ಹೆಂಡತಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದಳು. ಇನ್ನೂ ಬರದ ಆ ಸಂಬಳವನ್ನು ನಾವು ಆಗಲೇ ಮೂರು ಸಲ ಖರ್ಚು ಮಾಡಿದ್ದೆವು.

ಪರೀಕ್ಷೆಗೆ ಕೂರಲು ಬೇಕಾದದ್ದು, ವಾರ್ಡಿನಲ್ಲಿ ಮಾಡಿದ ಕೆಲಸ ಬರೆದಿಡುವ ಲಾಗ್ ಬುಕ್ಕಿನ ಕೊನೆಯ ಪುಟದಲ್ಲಿ ಹೆಡ್ ಸಿಸ್ಟರ್ ಸಹಿ. ಅದೇ ಶುಕ್ರವಾರ ನಾಲ್ಕು ಗಂಟೆಯೊಳಗೆ ಅದು ಕಾಲೇಜು ಆಫೀಸಿಗೆ ತಲುಪಬೇಕು. ತಲುಪದಿದ್ದರೆ ಆರು ತಿಂಗಳು, ಇನ್ನೊಂದು ಫೀಸ್. ಮಾರಲು ಇನ್ನೊಂದು ಸ್ಕೂಟರ್ ಇರಲಿಲ್ಲ.

“ಅಪ್ಪ, ಯೋಚನೆ ಮಾಡ್ಬೇಡ,” ಎಂದಳು ಮಗಳು, ನಾವಿಬ್ಬರೂ ಹಂಚಿಕೊಂಡು ಓದುವ ಮೇಜಿನಿಂದ ತಲೆಯೆತ್ತದೆ. ಅವಳದೂ ಶಾಲೆಯ ಕೊನೆಯ ವರ್ಷ. “ನೀನು ಫೇಲಾದ್ರೆ ನಮ್ಮ ಕ್ಲಾಸಲ್ಲಿ ಒಂದು ಸೀಟ್ ಖಾಲಿ ಇದೆ. ಮಾನಿಟರ್ ನಾನೇ.”

ವಾರ್ಡಿನಲ್ಲಿ ಹತ್ತು ಗಂಟೆಯ ಸರದಿ ನನ್ನದು. ಯಂತ್ರಗಳು ಹೇಳಿದ್ದನ್ನು ಬರೆದುಕೊಂಡೆ. ಆಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಇಪ್ಪತ್ತನಾಲ್ಕು ಚಾರ್ಟುಗಳಲ್ಲೂ ಉಸಿರಿನ ಸಾಲಿನಲ್ಲಿ ಹದಿನೆಂಟು ತುಂಬಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಪಕ್ಕದಲ್ಲೇ ಅಚ್ಚುಕಟ್ಟಾಗಿ ನನ್ನ ಕಿರುಸಹಿ ಹಾಕಿದೆ.

ಏಳನೇ ಹಾಸಿಗೆಯಲ್ಲಿದ್ದವರು ಗಡಿಯಾರ ರಿಪೇರಿ ಮಾಡುವ ಮುದುಕರು. ಅಂಗಡಿಯಲ್ಲಿ ಸ್ಟೂಲಿನಿಂದ ಬಿದ್ದು ತೊಡೆಮೂಳೆ ಮುರಿದಿತ್ತು. ಆಪರೇಷನ್ ಆಗಿ ನಾಲ್ಕು ದಿನ. ಬಾಯಿಗೆ ಮಾತ್ರ ಪೆಟ್ಟಾಗಿರಲಿಲ್ಲ.

“ಸಿಸ್ಟರ್, ವಾಚ್ ಚೆನ್ನಾಗಿದೆ,” ಎಂದಿದ್ದರು, ನಾನು ಬೆರಳಿಗೆ ಕ್ಲಿಪ್ ಹಾಕುವಾಗ.

“ಬ್ರದರ್ ಅನ್ನಿ ಯಜಮಾನ್ರೇ.”

“ಬಾಯಿಗೆ ಅದೇ ಬರತ್ತೆ ಸಿಸ್ಟರ್. ಸೆಕೆಂಡ್ ಮುಳ್ಳೂ ಇದೆ. ಕಾಲೇಜಲ್ಲಿ ಕೊಡ್ಸಿದ್ದಾ?”

“ಕಡ್ಡಾಯ. ನಾವೇ ಕೊಂಡ್ಕೋಬೇಕು.”

“ನಾಲ್ಕು ದಿನದಿಂದ ನೋಡ್ತಿದೀನಿ. ಎಲ್ಲರ ಕೈಯಲ್ಲೂ ಸೆಕೆಂಡ್ ಮುಳ್ಳು. ಒಬ್ರೂ ಅದರ ಮುಖ ನೋಡಲ್ಲ. ಪಾಪ, ಸುಮ್ನೆ ಸುತ್ತತ್ತೆ.”

ನಾನು ನಕ್ಕು ಮುಂದಿನ ಹಾಸಿಗೆಗೆ ಹೋಗಿದ್ದೆ.

ಎರಡು ಗಂಟೆಗೆ ಮತ್ತೆ ಹೋದಾಗ ಅವರು ಮಾತಾಡಲಿಲ್ಲ. ಕ್ಲಿಪ್ಪಿನಲ್ಲಿ ನಾಡಿ ಸ್ವಲ್ಪ ಹೆಚ್ಚೇ ಇತ್ತು. ನೋವಿದ್ದರೆ ಹಾಗಾಗುತ್ತದೆ ಎಂದು ವಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ.

ಮೌನದ ವಿಷಯದಲ್ಲಿ ನಾನು ಸ್ವಲ್ಪ ಅನುಭವಿ. ಹದಿನಾರು ವರ್ಷ ಜನರ ಮೆಟ್ಟಿಲ ಕೆಳಗೆ, ಕತ್ತಲೆಯ ಪ್ಯಾಸೇಜಿನಲ್ಲಿ ನಿಂತು ಒಳಗಿನ ಸದ್ದು ಕೇಳಿದವನು. ಜಗಳ ಮುಗಿದ ಮನೆಯ ಮೌನ ಬೇರೆ, ಯಾರೂ ಇಲ್ಲದ ಮನೆಯ ಮೌನ ಬೇರೆ. ಬಿಲ್ ಬಾಕಿ ಇಟ್ಟು ಒಳಗೆ ಉಸಿರು ಬಿಗಿಹಿಡಿದು ಕೂತ ಮನೆಯ ಮೌನವಂತೂ ಬಾಗಿಲಲ್ಲೇ ಗೊತ್ತಾಗುತ್ತದೆ. ಈ ಮುದುಕರ ಮೌನ ಯಾವುದಕ್ಕೂ ಹೊಂದಲಿಲ್ಲ. ಮಾತು ಬೇಡವೆಂದು ಸುಮ್ಮನಿದ್ದ ಹಾಗಿರಲಿಲ್ಲ. ಮಾತಿಗೆ ಸಮಯವೇ ಇಲ್ಲದ ಹಾಗೆ ಇತ್ತು.

“ಹೇಗಿದ್ದೀರಿ ಯಜಮಾನ್ರೇ?”

“ಚೆನ್ನಾಗಿ…” ಎಂದು ನಿಂತರು. “…ದೀನಿ.”

ನಾನು ಅವರ ಎದೆ ನೋಡುತ್ತ, ನಾಲ್ಕು ವರ್ಷದಲ್ಲಿ ಮೊದಲ ಸಲ ಎಂದು ಕಾಣುತ್ತದೆ, ಸೆಕೆಂಡ್ ಮುಳ್ಳಿನ ಮುಖವನ್ನೂ ನೋಡಿದೆ. ಮೂವತ್ತೆರಡು. ತಪ್ಪಿರಬೇಕು ಎಂದು ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತೆರಡು.

ಬರೆದೆ. ಕೈಗೆ ಅಭ್ಯಾಸವಿಲ್ಲದ ಅಂಕಿಯಾದ್ದರಿಂದ ಸ್ವಲ್ಪ ದೊಡ್ಡದಾಗಿ ಬಂತು.

ಹೆಡ್ ಸಿಸ್ಟರ್ ಮೇಜಿನಲ್ಲಿ ನನ್ನ ಲಾಗ್ ಬುಕ್ ತೆರೆದಿಟ್ಟುಕೊಂಡೇ ಕೂತಿದ್ದರು. ನನಗಿಂತ ಆರು ವರ್ಷ ಚಿಕ್ಕವರು. ಕೆಟ್ಟವರಲ್ಲ. ಊಟಕ್ಕೆಂದು ತಂದ ಬ್ರೆಡ್ಡನ್ನು ಯಾವಾಗಲೂ ನಿಂತುಕೊಂಡೇ ತಿನ್ನುವವರು.

“ಬನ್ನಿ ಬ್ರದರ್, ನಿಮ್ಮದೊಂದು ಮುಗಿಸಿ ಕಳಿಸ್ಬಿಡ್ತೀನಿ. ಮನೇಲಿ ಸಿಹಿ ಹಂಚೋವಾಗ ನಮ್ಮನ್ನೂ ನೆನಪಿಟ್ಕೊಳ್ಳಿ. ಎರಡು ಗಂಟೆ ಚಾರ್ಟ್ ಆಯ್ತಾ?”

ಏಳನೇ ಹಾಸಿಗೆಯ ಚಾರ್ಟನ್ನು ಮೇಲಿಟ್ಟೆ. ಸಹಿಗೆ ಇಳಿಯುತ್ತಿದ್ದ ಪೆನ್ನು ಗಾಳಿಯಲ್ಲೇ ನಿಂತಿತು.

“ಮೂವತ್ತೆರಡಾ? ಏನಿದು?”

“ಎಣಿಸಿದೆ ಸಿಸ್ಟರ್.”

“ಎಣಿಸಿದ್ರಾ!” ಕದ್ದೆ ಎಂದಿದ್ದರೂ ಅವರು ಅಷ್ಟು ಬೆಚ್ಚುತ್ತಿರಲಿಲ್ಲ. “ಹತ್ತು ಗಂಟೆಗೆ ಹದಿನೆಂಟಿದೆ.”

“ಹೌದು.”

“ಅದನ್ನೂ ಎಣಿಸಿದ್ರಾ?”

ನಾನು ನೆಲ ನೋಡಿದೆ. ನೆಲವನ್ನು ಬೆಳಗ್ಗೆ ಯಾರೋ ಚೆನ್ನಾಗಿ ಒರೆಸಿದ್ದರು.

ಅವರು ದನಿ ತಗ್ಗಿಸಿದರು. “ನೋಡಿ ಬ್ರದರ್. ಈಗ ಡಾಕ್ಟ್ರನ್ನ ಕರೀತೀನಿ. ಬಂದವರು ಮೊದಲು ಕೇಳೋದು, ನಾಲ್ಕೇ ಗಂಟೇಲಿ ಇದು ಹೇಗಾಯ್ತು ಅಂತ. ಹದಿನೆಂಟರ ಪಕ್ಕ ಇರೋದು ನಿಮ್ಮ ಸಹಿ. ಸುಳ್ಳು ಚಾರ್ಟ್ ಬರೆದವರಿಗೆ ನಾನು ಲಾಗ್ ಬುಕ್ಕಲ್ಲಿ ಸಹಿ ಹಾಕೋಕಾಗತ್ತಾ? ಇಪ್ಪತ್ತೆರಡು ಮಾಡಿ. ಸಂಜೆ ರೌಂಡ್ಸಿಗೆ ಹೇಗೂ ಬರ್ತಾರೆ, ನೋಡ್ತಾರೆ. ನೀವು ಆಫೀಸಿಗೆ ಓಡಿ.”

“ರೌಂಡ್ಸ್ ಆರು ಗಂಟೆಗೆ.”

“ನಿಮ್ಮ ಆಫೀಸ್ ನಾಲ್ಕಕ್ಕೆ.”

ಮೂರನ್ನು ಎರಡು ಮಾಡುವುದು ನನಗೆ ಕಷ್ಟದ ಕೆಲಸವಲ್ಲ. ಮೀಟರ್ ಪುಸ್ತಕದಲ್ಲಿ ಏಳನ್ನು ಒಂಬತ್ತು ಮಾಡಿದವನು ನಾನು. ಆದರೆ ಮೀಟರ್ ತಪ್ಪಾಗಿದ್ದರೆ ಜನ ಮುಂದಿನ ತಿಂಗಳು ಬಂದು ಬೈದು ಸರಿಮಾಡಿಸಿಕೊಳ್ಳುತ್ತಿದ್ದರು. ಏಳನೇ ಹಾಸಿಗೆಯವರು ಮುಂದಿನ ತಿಂಗಳು ಬಂದು ಬೈಯುತ್ತಾರೆ ಎನ್ನುವ ಭರವಸೆ ನನಗಿರಲಿಲ್ಲ. ಪ್ಲಾಸ್ಟಿಕ್ ಕವರ್ ನೆನಪಾಯಿತು. ಹೆಂಡತಿಯ ಶೂ ನೆನಪಾಯಿತು, ಅದರ ಹಿಮ್ಮಡಿ ಒಂದೇ ಕಡೆ ಸವೆದಿದೆ.

“ಒಂದು ನಿಮಿಷ ಬಂದು ನೀವೇ ನೋಡಿ ಸಿಸ್ಟರ್,” ಎಂದೆ.

ಅವರು ಎದ್ದು ಬಂದರು. ಹಾಸಿಗೆಯ ಪಕ್ಕ ನಿಂತರು. ಆ ವಾರ್ಡಿನಲ್ಲಿ ಒಬ್ಬ ಹೆಡ್ ಸಿಸ್ಟರ್ ಪೂರ್ತಿ ಒಂದು ನಿಮಿಷ ಕದಲದೆ ನಿಂತದ್ದನ್ನು ರೋಗಿಗಳು ಕತ್ತೆತ್ತಿ ನೋಡಿದರು. ಯಾರೋ ಸತ್ತೇಹೋದರು ಎಂದುಕೊಂಡಿರಬೇಕು.

“ಮೂವತ್ನಾಲ್ಕು,” ಎಂದರು. ಆಮೇಲೆ ಅವರು ನಡೆಯಲಿಲ್ಲ, ಓಡಿದರು.

ಆಮ್ಲಜನಕ ಬಂತು, ಟ್ರಾಲಿ ಬಂತು. ಡಾಕ್ಟರ್ ಬಂದರು. ನನ್ನ ಮಗಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಅಷ್ಟೇ. ಚಾರ್ಟ್ ನೋಡಿದರು. ಕೇಳಬೇಕಾದ್ದನ್ನೇ ಕೇಳಿದರು.

“ಇದು ಯಾವಾಗ ಶುರುವಾಯ್ತು? ಹತ್ತು ಗಂಟೆಗೆ ನಾರ್ಮಲ್ ಇತ್ತಾ?”

ಹೆಡ್ ಸಿಸ್ಟರ್ ನನ್ನನ್ನು ನೋಡಿದರು. ಹೌದು ಎಂದುಬಿಡಬಹುದಿತ್ತು, ಎರಡೇ ಅಕ್ಷರ. ಆದರೆ ಡಾಕ್ಟರ್ ಆ ಉತ್ತರ ಹಿಡಿದುಕೊಂಡು ಔಷಧಿ ಯೋಚಿಸುವವರಿದ್ದರು.

“ಗೊತ್ತಿಲ್ಲ ಡಾಕ್ಟ್ರೇ. ಹತ್ತು ಗಂಟೆಗೆ ನಾನು ಎಣಿಸಿಲ್ಲ.”

ಹೆಡ್ ಸಿಸ್ಟರ್ ಕಣ್ಣು ಮುಚ್ಚಿದರು. ಆಮ್ಲಜನಕದ ಮಾಸ್ಕಿನ ಕೆಳಗಿನಿಂದ ಮುದುಕರು ಏನೋ ಅಂದರು. ಕೇಳಿಸಲಿಲ್ಲ. ಬೆರಳಿನಿಂದ ನನ್ನ ವಾಚ್ ತೋರಿಸಿದರು ಎಂದು ಮಾತ್ರ ಗೊತ್ತಾಯಿತು.

ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಆರು ಗಂಟೆಯವರೆಗೆ ಬಿಟ್ಟಿದ್ದರೆ ರೌಂಡ್ಸಿಗೆ ಒಂದು ಹಾಸಿಗೆ ಕಡಿಮೆಯಾಗುತ್ತಿತ್ತು ಎಂದು ಡಾಕ್ಟರ್ ಕೆಳಗಿನ ಐ.ಸಿ.ಯು.ನಲ್ಲಿ ಹೇಳಿದರು. ನಾನು ಮೇಲೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಹೆಡ್ ಸಿಸ್ಟರ್ ಲಾಗ್ ಬುಕ್ ಮುಚ್ಚಿ ನನ್ನ ಕಡೆಗೆ ತಳ್ಳಿದರು.

“ಅಷ್ಟು ಜನರ ಮುಂದೆ ಹೇಳಿದ್ರಲ್ಲ ಬ್ರದರ್, ಈಗ ನಾನು ಸಹಿ ಹಾಕಿದ್ರೆ ನಾನೂ ಕೆಲಸ ಬಿಟ್ಟು ನಿಮ್ಮ ಜೊತೆ ಬರ್ಬೇಕಾಗತ್ತೆ. ನನಗೂ ಇಬ್ಬರು ಮಕ್ಕಳಿದಾರೆ.” ತಮ್ಮ ಲೋಟ ನನ್ನ ಕಡೆಗೆ ಸರಿಸಿ, “ಟೀ ಕುಡೀರಿ,” ಎಂದರು.

ಕುಡಿದೆ. ಆರು ತಿಂಗಳ ಟೀ. ಚೆನ್ನಾಗಿತ್ತು.

ಮನೆಯಲ್ಲಿ ಎಲ್ಲ ಹೇಳಿದೆ. ಮಗಳು ಪುಸ್ತಕ ಮುಚ್ಚಿ ಒಳಗೆ ಹೋದಳು. ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಆ ಲೆಕ್ಕದಲ್ಲಿ ಫೀಸ್, ಬಾಡಿಗೆ, ಇನ್ನೂ ಆರು ತಿಂಗಳು ನಡೆಯಬೇಕಾದ ರಸ್ತೆ ಎಲ್ಲ ಇತ್ತು.

“ಆ ಮನುಷ್ಯ ಬದುಕಿದ್ರಾ?” ಎಂದು ಕೊನೆಗೆ ಕೇಳಿದಳು.

“ಬದುಕಿದಾರೆ.”

“ಹಾಗಾದ್ರೆ ಫೀಸ್ ಅವರ ಹತ್ರ ಕೇಳಿ.” ಎದ್ದು ಬೀರು ತೆರೆದು ಪ್ಲಾಸ್ಟಿಕ್ ಕವರ್ ತೆಗೆದಳು. ಪತ್ರವನ್ನು ಮೇಜಿನ ಮೇಲಿಟ್ಟಳು. ಕವರನ್ನು ಮಾತ್ರ ಮಡಚಿ ಒಳಗಿಟ್ಟುಕೊಂಡಳು. “ಇದು ಚೆನ್ನಾಗಿದೆ, ಬೇಕಾಗತ್ತೆ,” ಎಂದಳು. “ಮೊದಲು ಆ ಹತ್ತು ಗಂಟೆಗೇ ಎಣಿಸಿದ್ರೆ ಏನಾಗ್ತಿತ್ತು ನಿಮಗೆ?”

ನಾನು ಪತ್ರವನ್ನು ಮಡಚಿ ಲಾಗ್ ಬುಕ್ಕಿನೊಳಗೆ ಇಟ್ಟೆ.

ಮುಂದಿನ ವಾರ ಆಸ್ಪತ್ರೆಯಿಂದ ಎರಡು ಕಾಗದ ಬಂದವು, ಒಂದೇ ದಿನಾಂಕ, ಒಬ್ಬರದೇ ಸಹಿ. ಅಪಾಯವನ್ನು ಸಕಾಲದಲ್ಲಿ ಗುರುತಿಸಿದ್ದಕ್ಕೆ ವಾರ್ಡಿಗೆ ಪ್ರಶಂಸಾಪತ್ರ. ಸುಳ್ಳು ದಾಖಲೆಗಾಗಿ ನನಗೆ ನೋಟಿಸ್. ಜೊತೆಗೆ ಎಲ್ಲ ವಾರ್ಡುಗಳಿಗೂ ಸುತ್ತೋಲೆ: ಇನ್ನು ಮುಂದೆ ಉಸಿರನ್ನು ಕಡ್ಡಾಯವಾಗಿ ಒಂದು ಪೂರ್ತಿ ನಿಮಿಷ ಎಣಿಸತಕ್ಕದ್ದು, ಕಣ್ಣುಮುಚ್ಚಿ ಹದಿನೆಂಟು ಎಂದು ಬರೆಯುವುದು ಕಂಡುಬಂದರೆ ಶಿಸ್ತುಕ್ರಮ. ಸುತ್ತೋಲೆಗೆ ಕೂಡಲೇ ಬೆಲೆ ಸಿಕ್ಕಿತು. ಮರುದಿನ ಯಾವ ಚಾರ್ಟಿನಲ್ಲೂ ಹದಿನೆಂಟು ಇರಲಿಲ್ಲ. ಇಪ್ಪತ್ತನಾಲ್ಕು ಹಾಸಿಗೆಗಳಿಗೂ ಇಪ್ಪತ್ತು ಎಂದಿತ್ತು.

ಆ ಸಂಜೆ ಔಷಧಿ ಅಂಗಡಿಗೆ ಹೊರಡುವ ಮೊದಲು ಮನೆಗೆ ಬಂದೆ. ಹೆಂಡತಿ ಆಗಷ್ಟೇ ಬಂದಿದ್ದಳು. ಒಂದು ಶೂ ಬಿಚ್ಚಿ, ಇನ್ನೊಂದು ಬಿಚ್ಚುವ ಮೊದಲೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ಬಸ್ಸಿಗೆ ತಡವಾಗುತ್ತಿತ್ತು. ಆದರೂ ಗೋಡೆಗೊರಗಿ ನಿಂತು, ವಾಚ್ ನೋಡುತ್ತ, ಪೂರ್ತಿ ಒಂದು ನಿಮಿಷ ಎಣಿಸಿದೆ.

ಹದಿನೆಂಟು.

ಹೇಳಿದರೆ ಯಾರೂ ನಂಬುವುದಿಲ್ಲ. ಇನ್ನೊಂದು ಸಲ ಎಣಿಸಿದೆ.