ಕಿಡ್ನಿ ಕೊಟ್ಟವಳ ಕಷಾಯ

ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ಅಕ್ಕನಿಗೆ ಒಂದು ಕೆಲಸವಿತ್ತು. ಹಿತ್ತಿಲ ಬಳ್ಳಿಯ ಕಾಂಡ ಜಜ್ಜಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಲೋಟ ಹಿಡಿದು ತಮ್ಮನ ಮುಂದೆ ನಿಲ್ಲುವುದು. ಬಸ್ ಕಂಡಕ್ಟರನಾದ ತಮ್ಮ ಊರವರನ್ನೆಲ್ಲ ಬಾಯಲ್ಲೇ ಗೆಲ್ಲುವ ಆಸಾಮಿ; ಆ ಲೋಟದ ಮುಂದೆ ಮಾತ್ರ ಬಾಲ ಮುದುರಿಕೊಳ್ಳುತ್ತಿದ್ದ. ಮುಖ ಹಿಂಡಿ, ಒಂದೇ ಗುಟುಕಿಗೆ ಕುಡಿದು ಲೋಟ ಖಾಲಿ ಮಾಡುತ್ತಿದ್ದ.

ಹೋದ ವರ್ಷ ಅವನ ಕಿಡ್ನಿಗಳೆರಡೂ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವಳು ಅವಳೇ. ತಾಯಿ ಸತ್ತ ಮೇಲೆ ತಾನೇ ಎತ್ತಿ ಆಡಿಸಿದ ತಮ್ಮನಿಗಾಗಿ ಅವಳು ಹಿಂದೆಮುಂದೆ ನೋಡಲಿಲ್ಲ. ಆಪರೇಷನ್ ಆದ ಮೇಲೆ ಅವನಿಗೆ ಪದೇ ಪದೇ ನೆಗಡಿ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಬಟ್ಟೆ ಹೊಲಿಸಲು ಬಂದವರೊಬ್ಬರು ಆ ಬಳ್ಳಿಯನ್ನು ಹೊಗಳಿದರು. ಗಿಡದ್ದಲ್ಲವೇ, ಏನು ಕೆಡುಕಾದೀತು ಎಂದುಕೊಂಡಳು. ಬೇರೆ ಔಷಧಿ ಏನಾದರೂ ಕೊಡುತ್ತೀರಾ ಎಂದು ಡಾಕ್ಟರು ಕೇಳಿದಾಗಲೆಲ್ಲ ಇಲ್ಲವೆಂದಳು. ಸುಳ್ಳು ಹೇಳುವ ಮನಸ್ಸೇನೂ ಅವಳಿಗಿರಲಿಲ್ಲ. ಅವಳ ಪಾಲಿಗೆ ಅಂಗಡಿಯಿಂದ ತಂದದ್ದು ಔಷಧಿ, ಮನೆಯ ಒಲೆಯ ಮೇಲೆ ಕುದಿದದ್ದು ಅಡುಗೆ.

ಕೆಲವು ತಿಂಗಳಲ್ಲಿ ತಮ್ಮನ ಕಾಲುಗಳು ಊದಿಕೊಂಡವು. ಆಸ್ಪತ್ರೆಗೆ ಸೇರಿಸಿದಾಗ ಅವಳೇ ಡಾಕ್ಟರ ಹತ್ತಿರ ಹೋಗಿ, ಕಷಾಯವನ್ನು ಇನ್ನಷ್ಟು ಗಟ್ಟಿ ಮಾಡಿ ಕೊಡಲೇ ಎಂದು ಕೇಳಿದಳು. ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿದರು. ಯಾವ ಬಳ್ಳಿ, ಯಾವಾಗಿನಿಂದ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು.

“ನೋಡಿಮ್ಮ, ನಮ್ಮ ಮೈಯಲ್ಲಿ ಕಾವಲು ಕಾಯೋ ಕಣಗಳಿರ್ತವೆ. ನಿಮ್ಮ ಕಿಡ್ನಿ ಅವಕ್ಕೆ ಹೊರಗಿನದು. ಅದರ ತಂಟೆಗೆ ಹೋಗದೆ ಇರಲಿ ಅಂತಲೇ ಮಾತ್ರೆ ಕೊಟ್ಟು ಅವನ್ನ ತಣ್ಣಗಿಟ್ಟಿದ್ವಿ. ಆ ಬಳ್ಳಿಯಲ್ಲಿರೋ ಕೆಲವು ಅಂಶಗಳು ಅವನ್ನೇ ಕೆರಳಿಸಬಹುದು. ಇದೊಂದೇ ಕಾರಣ ಅಂತ ಹೇಳೋಕಾಗಲ್ಲ. ಆದ್ರೆ ಕೊಡಬಾರದಿತ್ತು.”

“ಅವನಿಗೆ ಶಕ್ತಿ ಬರಲಿ ಅಂತ ಕೊಟ್ಟೆ ಸಾರ್,” ಎಂದಳು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಏನೇ ಮಾಡಿದರೂ ಕಿಡ್ನಿ ಉಳಿಯಲಿಲ್ಲ. ತಮ್ಮ ಮತ್ತೆ ಡಯಾಲಿಸಿಸ್ ಮಂಚಕ್ಕೆ ಬಂದ. ಕೈಯಾರೆ ಕೊಟ್ಟದ್ದನ್ನು ಕೈಯಾರೆ ಹಾಳು ಮಾಡಿದೆನಲ್ಲ ಎಂದು ಅವಳು ಕೊರಗಿದಳು. ಮಂಚದ ಪಕ್ಕ ಕೂತು ಅದನ್ನೇ ಹೇಳಿಕೊಂಡು ಅತ್ತಳು. ತಮ್ಮ ಅವಳ ಕಡೆ ತಿರುಗಿದ.

“ತಪ್ಪು ನಂದೂ ಇದೆ ಅಕ್ಕ. ಕೇಳದೆ ಏನೂ ತಗೋಬೇಡ ಅಂತ ನರ್ಸ್ ನಂಗೆ ಹೇಳಿದ್ರು. ಬೇಡ ಅಂದುಬಿಡೋಣ ಅಂತ ದಿನಾ ಅಂದ್ಕೋತಿದ್ದೆ. ಕಿಡ್ನಿನೇ ಕೊಟ್ಟವಳಿಗೆ ಒಂದು ಲೋಟ ಬೇಡ ಅನ್ನೋಕೆ ಬಾಯಿ ಬರಲಿಲ್ಲ.”

ಬೇಕೋ ಬೇಡವೋ ಎಂದು ತಾನು ಒಂದು ದಿನವಾದರೂ ಅವನನ್ನು ಕೇಳಿದ್ದುಂಟೇ? ಕಣ್ಣೊರೆಸಿಕೊಂಡು, ಕೈ ಸುಮ್ಮನಿರದೆ, ಚೀಲದಿಂದ ಬಾಳೆಹಣ್ಣು ತೆಗೆದು ಸುಲಿಯತೊಡಗಿದಳು. ಅರ್ಧಕ್ಕೆ ನಿಲ್ಲಿಸಿ, “ಇದು ನಿಂಗೆ ಆಗುತ್ತೇನೋ?” ಎಂದು ಕೇಳಿದಳು.

“ಆಗಲ್ಲ ಅಕ್ಕ. ಡಯಾಲಿಸಿಸ್‌ನವರು ಬಾಳೆಹಣ್ಣು ತಿನ್ನಬಾರದಂತೆ. ಬೇಡ.”

ಹೇಳಿದವನೇ ಅಳುಕಿನಿಂದ ಅವಳ ಮುಖ ನೋಡಿದ. ಅವಳು ಸರಿ ಎಂಬಂತೆ ತಲೆಯಾಡಿಸಿದಳು. ಅವನ ಎದುರಿಗೇ ಕೂತು ಆ ಹಣ್ಣನ್ನು ತಾನೇ ಪೂರ್ತಿ ತಿಂದಳು.